ಮೂಟೆಯ ಬಾಯಿ

ಮೂವತ್ತೆರಡು ಡಿಗ್ರಿಯ ಕೋಣೆಯಲ್ಲಿ
ಮೈದಾ ಜರಡಿ ಹಿಡಿಯುವುದು ನನ್ನ ಕೆಲಸ.
ಸಂಬಳ ಹಿಟ್ಟಿಗಲ್ಲ,
ಜರಡಿಯ ಮೇಲೆ ಉಳಿಯುವ ಮೊಟ್ಟೆಗೆ.
ರವೆಯ ಕಾಳಿನಷ್ಟು, ಮೈಯೆಲ್ಲ ಹಿಟ್ಟು ಮೆತ್ತಿಕೊಂಡು
ತಾನೂ ಹಿಟ್ಟೇ ಎಂದು ಸುಳ್ಳು ಹೇಳುವಂಥದು.

ಅಪ್ಪನಿಗೆ ಇದನ್ನು ಹೇಳಲು ಎರಡು ವರ್ಷ ಹಿಡಿಯಿತು.
ಬೌಟ್ಸೆನ್ನಿನ ಕೆಳಗೆ, ಸ್ಪ್ರೀ ನದಿಯ ತಿರುವಿನಲ್ಲಿ
ಗಿರಣಿ ಇಟ್ಟಿದ್ದವನು.
ಈ ಕಂದು ಹುಳವನ್ನು ನಲವತ್ತು ವರ್ಷ
ಹೊಗೆ ಹಾಕಿ, ಬಿಸಿ ಹಾಯಿಸಿ, ಕೊನೆಗೆ
ಹೆಬ್ಬೆರಳ ಉಗುರಿನಲ್ಲಿ ಒರೆಸಿ ಕೊಂದವನು.
ಚಮಚ ಕೆಳಗಿಟ್ಟು ಕೇಳಿದ:
"ಅದನ್ನು ದುಡ್ಡು ಕೊಟ್ಟು ಸಾಕುತ್ತಾರೆಯೇ, ಹಾಂಕಾ?"

ಆದರೂ ಬಂದ.
ಜೂನಿನ ಒಂದು ರಾತ್ರಿ ಡ್ರೆಸ್ಡೆನ್ನಿನ ಪ್ರಯೋಗಾಲಯ
ಊರಿಗೆಲ್ಲ ಬಾಗಿಲು ತೆರೆದಾಗ,
ಸೆಕೆಯಲ್ಲೂ ಆ ದಪ್ಪ ಕೋಟು ತೊಟ್ಟು,
ಮಕ್ಕಳ ಸಾಲಿನ ಹಿಂದೆ ನಿಂತ.

ಪರದೆಯ ಮೇಲೆ ಮೊಟ್ಟೆ, ಕುಂಬಳಕಾಯಿಯಷ್ಟು.
ತೆಳ್ಳನೆ ಬೆಳಕಿನ ಹಾಳೆಯೊಂದು ಅದನ್ನು ಸೀಳದೆ ಹಾಯುತ್ತದೆ,
ಕೋಶ ಕೋಶವೂ ಹಸಿರಾಗಿ ಮಿನುಗುತ್ತದೆ.
"ಇದು ಹೊರಹೊದಿಕೆ, ಅಪ್ಪ. ಇದು ಮರಿಯಾಗುವುದಿಲ್ಲ.
ಮರಿಯಾಗುವುದು ಅದೋ, ಅಡಿಯಲ್ಲಿ
ಮುಳುಗುತ್ತಿರುವ ಆ ಪಟ್ಟಿ."
ಹೊದಿಕೆ ಹೊರಟಿತು.
ಪಟ್ಟಿಯದೊಂದು ತುದಿ ಮಾತ್ರ ಚಿಪ್ಪಿಗೆ ಕಚ್ಚಿ ಕೂತಿದೆ.
ಅದು ಅಲ್ಲಿ ಹಟ ಹಿಡಿದದ್ದರಿಂದಲೇ
ಹೊದಿಕೆಗೆ ಒಂದು ದಿಕ್ಕು:
ಬೆನ್ನು ಬಳಸಿ, ಬಾಲ ಬಳಸಿ, ಕೆಳಕ್ಕೆ.

ಕಿಟಕಿ ಕಿರಿದಾಯಿತು.
ತಟ್ಟೆಯಷ್ಟಿದ್ದದ್ದು ಬಳೆಯಷ್ಟಾಯಿತು.
ಅಪ್ಪನ ಬೆರಳುಗಳು ತಾವಾಗಿಯೇ ಕೂಡಿಕೊಂಡವು,
ಮೂಟೆಯ ಬಾಯಿ ಕಟ್ಟುವ ಬೆರಳುಗಳು.
"ದಾರ ಎಳೆಯುತ್ತಿರುವವರು ಯಾರು?"

ನಾವೂ ಮೊದಲು ಹಾಗೇ ಅಂದುಕೊಂಡೆವು.
ದಾರವೂ ಇದೆ, ಸ್ವಲ್ಪ.
ಆದರೆ ದಾರ ಎಳೆದರೆ ಬಾಯಿಗೆ ನೆರಿಗೆ ಬೀಳಬೇಕಲ್ಲ,
ನೆರಿಗೆ ಎಲ್ಲಿ?
ನೋಡು, ಅಂಚಿನ ಈ ಒಂದು ಕೋಶ
(ಇನೆಸ್ ಅದಕ್ಕೆ ಹಳದಿ ಬಳಿದಿದ್ದಾಳೆ, ಕಳೆದುಹೋಗದಿರಲೆಂದು),
ಅಕ್ಕಪಕ್ಕದವರ ಕೈ ಬಿಟ್ಟಿತು, ಹಿಂದಕ್ಕೆ ಸರಿಯಿತು.
ಅವರಿಬ್ಬರೂ ಒಬ್ಬರಿಗೊಬ್ಬರು ಒತ್ತಿಕೊಂಡರು.
ಇನ್ನೊಂದು ಸರಿಯಿತು. ಮತ್ತೊಂದು.
ಕೊನೆಗೆ ಅಂಚಿನಲ್ಲಿ ಐದೋ ಆರೋ.
ಆಮೇಲೆ ಅಂಚೇ ಇಲ್ಲ.

ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ.
"ನಮ್ಮ ದಡದಲ್ಲಿ ಹನ್ನೊಂದು ಗಿರಣಿ" ಎಂದ.
"ಶೋಲ್ತಾ. ವಿಚಾಜ್. ಎರಡು ಕ್ರಾಲ್..."
ಅಷ್ಟಕ್ಕೇ ನಿಲ್ಲಿಸಿದ. ಮಕ್ಕಳು ಮುಂದಿನ ಕೋಣೆಗೆ ಓಡಿದ್ದರು,
ಅಲ್ಲಿ ಮೀನಿದೆಯಂತೆ.

ನಾನು ಮೂರನೆಯ ದಿನಕ್ಕೆ ಜಿಗಿಸಿದೆ.
ಒಳಗೆ ಕಾಲು ಮೂಡಿವೆ, ಬೆನ್ನು ಇನ್ನೂ ತೆರೆದೇ ಇದೆ,
ಕೌದಿ ಸಾಲದ ಮಗುವಿನ ಹಾಗೆ.
ನೀರಿನ ಹಾಗೆ ಹರಿದು ಬಂದ ಹೊದಿಕೆ
ಈಗ ಬಟ್ಟೆಯ ಹಾಗೆ ಹರಿಯಿತು.
ಪರ್ ಎಂದು ಸದ್ದು ಕೇಳಿದಂತಾಗುತ್ತದೆ ಪ್ರತಿ ಸಲವೂ,
ಸದ್ದಿಲ್ಲದ ಚಿತ್ರದಲ್ಲಿ.
ಬೆನ್ನ ಮೇಲಕ್ಕೆ ಮುದುಡಿ, ಮುದ್ದೆಯಾಗಿ,
ಹಳದಿಯೊಳಕ್ಕೆ ಇಳಿದು ಕರಗಿತು.
ಎರಡೂ ಪಕ್ಕೆಗಳು ಅದರ ಮೇಲೆ ಬಂದು ಸೇರಿದವು.
ಅಲ್ಲೇ, ಆ ಗೆರೆಯ ಕೆಳಗೇ,
ಇನ್ನು ಸ್ವಲ್ಪ ಹೊತ್ತಿಗೆ ಗುಂಡಿಗೆ ಬಡಿಯುತ್ತದೆ.

"ಅದನ್ನೇ ತಿಂದಿತೇ?"
ಹೂಂ, ಅನ್ನಬಹುದು.
"ಹುಳ ಅಲ್ಲವೇ" ಎಂದ. ಬೈದದ್ದೋ, ಒಪ್ಪಿದ್ದೋ ತಿಳಿಯಲಿಲ್ಲ.
"ಬಾಯಿ ಕಟ್ಟಿದ್ದನ್ನು ಇನ್ನೊಂದು ಸಲ ತೋರಿಸು."
ತೋರಿಸಿದೆ. ಮೂರು ಸಲ.

ಹೊರಡುವಾಗ ಬಾಗಿಲಲ್ಲಿ ನಿಂತು ಕೋಟು ಬಿಚ್ಚಿ
ಜೋರಾಗಿ ಝಾಡಿಸಿದ. ಜೇಬು ಹೊರಗೆಳೆದು ನೋಡಿದ.
ಹೊಲಿಗೆಯುದ್ದಕ್ಕೂ ಉಗುರು ಎಳೆದ.
ಗಿರಣಿ ಮುಚ್ಚಿ ಆರು ವರ್ಷವಾಯಿತಲ್ಲ, ಅಪ್ಪ.
"ಇರಲಿ" ಎಂದ,
ಇನ್ನೊಂದು ತೋಳನ್ನು ಮಗುಚುತ್ತ.