ಗುಂಡಿ ತೋಡುವ ಹುಡುಗನಿಗೆ

ಬಂದೆಯಾ ಹಾಲಿಸ್? ಈ ಸಲವೂ ಅದೇ ಹಳದಿ ಸಲಿಕೆ.
ಕೂತುಕೋ. ನೀರಿಳಿಯಲು ಇನ್ನೂ ಅರ್ಧ ತಾಸಿದೆ.
ಚಹಾ ಇದೆ, ಹೊಗೆಯಲ್ಲಿ ಒಣಗಿಸಿದ ಸಾಲ್ಮನ್ ಇದೆ,
ಕಲ್ಲು ಎಲ್ಲಿಗೂ ಓಡಿಹೋಗುವುದಿಲ್ಲ.

ನಿನಗಿಂತ ಮೊದಲು ಒಬ್ಬ ಗಡ್ಡದವನು ಬರುತ್ತಿದ್ದ,
ಅವನಿಗೂ ಮೊದಲು ಒಬ್ಬಳು, ಕೆಂಪು ಟೋಪಿಯವಳು.
ಎಲ್ಲರೂ ತೋಡಿದರು, ಮೊಣಕೈ ಆಳ.
ಕಲ್ಲು ಸರಿಸಿದರೆ ನೀರು ಜಿನುಗುತ್ತದೆ,
ನೀರಿನ ಮೇಲೆ ಆ ಹಾಳು ಬಣ್ಣ,
ಗಂಡು ಬಾತಿನ ಕತ್ತಿನಲ್ಲಿ ಹೊಳೆಯುವಂಥದು.
ಮೂಗಿಗೆ ಹಿಡಿದರೆ
ಇಂದಿಗೂ ಮೊನ್ನೆ ಚೆಲ್ಲಿದ ಹಾಗೆ.

ಅಲಾಸ್ಕಾದ ಮಾರ್ಚಿ, ನಿನಗೆ ಗೊತ್ತಲ್ಲ,
ಹೆರಿಂಗ್ ಮೊಟ್ಟೆಯಿಡಲು ಬರುವುದಕ್ಕೆ ಸ್ವಲ್ಪ ಮುಂಚೆ.
ಹಡಗು ಬಂಡೆಗೆ ತಗುಲಿತು ಅಂತ ರೇಡಿಯೋ ಹೇಳಿತು.
ಆಮೇಲೆ ಕಡಲು ಸದ್ದು ನಿಲ್ಲಿಸಿತು.
ನಿಜ ಹೇಳುತ್ತೇನೆ. ಎಣ್ಣೆಯ ಭಾರಕ್ಕೆ ಅಲೆ ಮುರಿಯಲಿಲ್ಲ,
ಜ್ವರ ಬಂದವಳ ಹಾಗೆ ಬರೀ ಹೊರಳಿತು.

ಬೇಸಿಗೆಗೆ ಅವರು ಬಂದರು,
ಬಿಸಿನೀರಿನ ಪೈಪು ಹಿಡಿದ ಸಾವಿರಾರು ಜನ.
ಗಂಟೆಗಿಷ್ಟು ಅಂತ ಕೂಲಿ. ನಾನೂ ಹಿಡಿದೆ, ಸುಳ್ಳೇಕೆ?
ಕಲ್ಲು ಬೆಳ್ಳಗಾಯಿತು. ಫೋಟೋ ತೆಗೆದರು.
ಆ ಬಿಳುಪಿನಡಿ ಚಿಪ್ಪು ಬೆಂದಿತ್ತು, ಪಾಚಿ ಬೆಂದಿತ್ತು,
ಕಣ್ಣಿಗೆ ಕಾಣದ್ದು ಏನೇನು ಬೆಂದಿತೋ
ಅದರ ಲೆಕ್ಕ ಯಾರೂ ಬರೆಯಲಿಲ್ಲ.

ಕಾಣದವುಗಳ ಮಾತು ತೆಗೆದದ್ದು ಕೆಂಪು ಟೋಪಿಯವಳು.
ಎಣ್ಣೆ ತಿನ್ನುವ ಜೀವಿಗಳಿವೆಯಂತೆ.
ಬೇರೆ ಕಡೆಯಿಂದ ತಂದದ್ದಲ್ಲ, ಇಲ್ಲಿಯವೇ,
ನಮ್ಮಜ್ಜನ ಅಜ್ಜ ಕಯಾಕಿಗೆ ಚರ್ಮ ಹೊಲಿಯುವ ಮೊದಲಿನಿಂದ
ಕಡಲ ತಳದ ಬಿರುಕಲ್ಲಿ ಒಸರುವ ತೊಟ್ಟು ತೊಟ್ಟು ನೆಕ್ಕಿ
ಅರೆಹೊಟ್ಟೆಯಲ್ಲಿ ಬಾಳಿದವು.
ಒಂದು ರಾತ್ರಿ ಕದ ಮುರಿದುಕೊಂಡು ಊಟವೇ ನುಗ್ಗಿತು.
ಒಂದು ಎರಡಾಯಿತು, ಎರಡು ನಾಲ್ಕು,
ಆಮೇಲೆ ಅವಳು ಹೇಳಿದ ಸಂಖ್ಯೆಗೆ ನನ್ನ ಬಳಿ ಹೆಸರಿಲ್ಲ.

ನಾನು ನಗಲಿಲ್ಲ. ನನಗೆ ಗೊತ್ತಿದ್ದ ವಿಷಯ.
ಮೀನಿನ ತಲೆಗಳನ್ನು ಪೀಪಾಯಿಯಲ್ಲಿ ತುಂಬಿ ಹೂಳುತ್ತಿದ್ದಳು ಅಮ್ಮ.
ದಿನ ಕಳೆದು ತೆಗೆದರೆ ಅದು ಬೇರೆಯೇ ಊಟ.
ಯಾರೋ ನಮಗಿಂತ ಮೊದಲು ಉಂಡೆದ್ದಿದ್ದಾರೆ,
ಅವರ ಎಂಜಲೇ ರುಚಿ.

ಆದರೆ ಬರೀ ಕೊಬ್ಬು ತಿಂದು ಯಾರು ಬದುಕುತ್ತಾರೆ ಹೇಳು?
ಅದಕ್ಕೇ ಗೊಬ್ಬರ ಎರಚಿದರು, ಸಾರಜನಕ, ರಂಜಕ,
ಹೊಲವೇ ಇಲ್ಲದ ಊರಿನಲ್ಲಿ, ಕಲ್ಲಿಗೆ!
ಕೆಲವು ವಾರಕ್ಕೆ ಕಲ್ಲಿನ ಮುಖ ತಿಳಿಯಾಯಿತು.
ಹಗುರಾದದ್ದನ್ನು ಮೊದಲು ತಿಂದವಂತೆ,
ಗಟ್ಟಿಯಾದದ್ದನ್ನು ತಟ್ಟೆಯಂಚಿಗೆ ತಳ್ಳಿ,
ನನ್ನ ಮೊಮ್ಮಗ ಎಲೆಕೋಸು ತಳ್ಳುವ ಹಾಗೆ.

ಮತ್ತೆ ಈ ಗುಂಡಿಯಲ್ಲಿ ಯಾಕೆ ಉಳಿದಿದೆ?
ಹೋದ ವರ್ಷ ನೀನು ಹೇಳಿದೆ:
ಉಸಿರಿಲ್ಲ ಮತ್ರೋನಾ, ಕಲ್ಲಿನಡಿ ಗಾಳಿ ಇಳಿಯುವುದಿಲ್ಲ,
ಬಡಿಸಿಟ್ಟ ತಟ್ಟೆಯ ಮುಂದೆ ಉಸಿರುಕಟ್ಟಿ ಕೂತಿವೆ.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.
ನಿಕಿಫೋರ್ ನೆನಪಾದ. ನನ್ನ ತಮ್ಮ.
ಹೆರಿಂಗ್ ಬಲೆಯನ್ನು ಇಪ್ಪತ್ತು ವರ್ಷ
ಮಡಿಚಿ, ಬಿಚ್ಚಿ, ಹರಿಯದ ಕಡೆಯೂ ಹೊಲಿದವನು.
ಪರಿಹಾರದ ಚೆಕ್ಕು ಮೇಜಿನ ಮೇಲೇ ಇತ್ತು,
ಮೇಲೆ ಚಹಾ ಲೋಟದ ಗುರುತು.
ಕಿಟಕಿ ತೆಗೆಯೋ ಅಂದರೆ
ಚಳಿ, ಅನ್ನುತ್ತಿದ್ದ.

ಈಗ ಒಂದು ಮಾತು, ಸಿಟ್ಟಾಗಬೇಡ.
ನೀನು ಹೋದ ಮೇಲೆ, ನೀರು ಇಳಿದಾಗಲೆಲ್ಲ,
ಚಿಪ್ಪು ಅಗೆಯುವ ನನ್ನ ಹಳೆಯ ಮುಳ್ಳುಗೋಲು ಹಿಡಿದು
ಆ ಮುರುಕು ದೋಣಿಯ ಹತ್ತಿರ
ನಾಲ್ಕು ಕಲ್ಲು ಮಗುಚಿ ಬರುತ್ತೇನೆ.
ಮಂಡಿ ಬಿಟ್ಟರೆ ಐದು.
ಕೆಳಗಿನವುಗಳಿಗೆ ಇಷ್ಟು ಗಾಳಿಯಾಡಲಿ ಅಂತ.
ನಿನ್ನ ನಕ್ಷೆ ಕೆಡುತ್ತದೆ, ಬಲ್ಲೆ.
ಆ ಮೂಲೆಯಲ್ಲಿ ಲೆಕ್ಕ ತಾಳೆಯಾಗದಿದ್ದರೆ
ಯಂತ್ರವನ್ನು ಬೈಯಬೇಡ.

ಏಳು, ನೀರು ಇಳಿಯಿತು.
ಸಲಿಕೆ ಇತ್ತ ಕೊಡು, ಮೊದಲ ಗುಂಡಿ ನನ್ನದು.