ಬಾರೆನ್

ಹಡಗಿನಲ್ಲಿ ಬಂತಂತೆ ಈ ಮಾತು,
ಕುದುರೆ, ಕಬ್ಬಿಣ, ದ್ರಾಕ್ಷಾರಸದ ಪೀಪಾಯಿಗಳ ನಡುವೆ
ಫ್ರೆಂಚರ ನಾಲಗೆಯ ಮೇಲೆ ಕೂತು.
ಅದಕ್ಕೂ ಮುಂಚೆ ಲಿಂಕನ್‌ಶೈರಿನ ಜೌಗುನೆಲದ ಜನ
'ಹೊರದವಳು' ಎಂದಷ್ಟೇ ಅನ್ನುತ್ತಿದ್ದರು.
ಗಬ್ಬವಾಗದ ಹಸುವಿಗೆ ಇನ್ನೊಂದು ಮಾತಿತ್ತು,
ಉತ್ತರದ ದೋಣಿಯವರು ಬಿಟ್ಟುಹೋದದ್ದು.
ಹೊಸದು ಎಲ್ಲವನ್ನೂ ತುಂಬುವ ಒಂದೇ ಚೀಲ:
ಹೆಣ್ಣು, ಕುರಿ, ಮರಳುನೆಲ,
ಹೂ ಬಿಟ್ಟು ಕಾಯಿ ಕಟ್ಟದ ಸೇಬು.
ಬರೆಯ್ನ್.

ಸಂತ ಮೈಕೇಲನ ಹಬ್ಬದ ಮರುದಿನ
ಗುಮಾಸ್ತ ಓಸ್ಬರ್ಟ್ ದೊಡ್ಡಿಯ ಬಾಗಿಲಲ್ಲಿ ಕೂತು
ತೊಗಲಿನ ಹಾಳೆಗೆ ಲೆಕ್ಕ ಇಳಿಸುತ್ತಾನೆ:
ಈದವು ನೂರ ಹನ್ನೆರಡು. ರೋಗಕ್ಕೆ ಹೋದವು ಒಂಬತ್ತು.
ಬರೆಯ್ನ್, ಹದಿನೇಳು.
ಹದಿನೇಳರ ಬೆನ್ನಿಗೂ ಕೆಮ್ಮಣ್ಣಿನ ಗುರುತು,
ಕಟುಕ ಬರುವುದು ಮಂಗಳವಾರ.
ಕುರಿ ಹಿಡಿದುಕೊಂಡು ನಿಂತ ಐಡನಿ
ಕೈಗೆ ಹತ್ತಿದ ಕೆಂಪನ್ನು ಲಂಗಕ್ಕೆ ಒರೆಸಿಕೊಳ್ಳುತ್ತಾಳೆ.
ಮದುವೆಯಾಗಿ ಏಳು ವರ್ಷ.

ಊರಾಚೆ ಮೂರನೆಯ ಹೊಲ ಈ ವರ್ಷ ಸುಮ್ಮನಿದೆ.
ಅದನ್ನು ಯಾರೂ ಆ ಹೆಸರು ಹಿಡಿದು ಕರೆಯುವುದಿಲ್ಲ.
ಅದು ಬೀಳು. ದಣಿದಿದೆ, ಮಲಗಿದೆ ಅನ್ನುತ್ತಾರೆ,
ದನ ಮೇಯಿಸಿ ಸಗಣಿಯ ಮರ್ಯಾದೆ ಮಾಡುತ್ತಾರೆ.

ಕಾಡಿನಲ್ಲಿ ಧಣಿಗಳಿಗೆ ಅದೇ ಮಾತು ಬಾಯಲ್ಲಿ ನೀರೂರಿಸುತ್ತದೆ:
ಗಬ್ಬವಿಲ್ಲದ ಹೆಣ್ಣುಜಿಂಕೆ,
ಚಳಿ ಬಂದರೂ ಕೊಬ್ಬಿಳಿಯದ ಮಾಂಸ.
ಬೇಟೆಯವರ ಸರಸದಲ್ಲಿ
ಹೇಸರಗತ್ತೆಗಳ ಹಿಂಡಿಗೂ ಅದೇ ಹೆಸರು,
ಒಂದು ಬರೆಯ್ನ್ ಹೇಸರಗತ್ತೆ.
ಹೆರದಿದ್ದರೇನು, ಹೊರುತ್ತವೆ:
ಉಪ್ಪು, ಉಣ್ಣೆ, ಧಣಿಯ ಹಾಸಿಗೆ,
ಒಮ್ಮೊಮ್ಮೆ ಧಣಿಯ ಮಗುವಿನ ತೊಟ್ಟಿಲು.

ಭಾನುವಾರ ಪಾದ್ರಿ ಹೇಳಿದ: ದುಡ್ಡು ಬಂಜೆ.
ಬೆಳ್ಳಿ ಬೆಳ್ಳಿಯನ್ನು ಹೆರಬಾರದು,
ಹೆತ್ತರೆ ಬಡ್ಡಿ, ಬಡ್ಡಿಯೆಂದರೆ ಪಾಪ.
ತಲೆ ತಗ್ಗಿಸಿಕೊಂಡೇ ಐಡನಿ ಲೆಕ್ಕ ಹಾಕಿದಳು:
ಹೆತ್ತರೆ ನಾಣ್ಯಕ್ಕೆ ನರಕ, ಹೆರದಿದ್ದರೆ ನನಗೆ.
ನಾಣ್ಯಕ್ಕಾದರೆ ಅತ್ತೆಯಿಲ್ಲ.

ಇಲ್ಲೊಂದು ಮಾತು ನನ್ನದು, ಅವಳದಲ್ಲ.
ಆ ಸದ್ದು ಕಿವಿಗೆ ಬಿದ್ದಾಗಲೆಲ್ಲ
ಹಳಗನ್ನಡದ ಯಾರೋ ಕದದಾಚೆ ನಿಂತು
ಬಾರೆನ್ ಎಂದಂತಾಗುತ್ತದೆ.
ಬರಲಾರೆ ಎಂದಲ್ಲ. ಬರುವುದಿಲ್ಲ, ಅಷ್ಟೆ.
ಹಟ ಬಾಗಿಲದಲ್ಲ,
ಬೈಗುಳ ಮಾತ್ರ ಬಾಗಿಲಿಗೆ.

ಮದ್ದಿನ ಮುದುಕಿ ಒಂದು ಪರೀಕ್ಷೆ ಹೇಳಿಕೊಟ್ಟಳು:
ಎರಡು ಮಡಕೆ, ಎರಡರಲ್ಲೂ ಗೋಧಿ ತೌಡು,
ಒಂದಕ್ಕೆ ಅವನ ಉಚ್ಚೆ, ಒಂದಕ್ಕೆ ನಿನ್ನದು.
ಹತ್ತು ದಿನ ಬಿಡು. ಹುಳ ಬಿದ್ದದ್ದು ಯಾರದೋ
ಕೊರತೆ ಅವರದು.
ತರ್ಸ್ಟನ್ ನಕ್ಕ. ಕುಡಿದ ಬಾರ್ಲಿ ಹೆಂಡವನ್ನೆಲ್ಲ
ಮಡಕೆಗೆ ಇಳಿಸಿದ. ಮರೆತ.

ಹನ್ನೊಂದನೆಯ ಬೆಳಿಗ್ಗೆ, ಕೋಳಿಗೂಡಿನ ಹಿಂದೆ,
ಅವಳು ಮುಚ್ಚಳ ತೆಗೆದಳು.
ತನ್ನದು ಹುಳಿತಿತ್ತು, ಅಷ್ಟೆ.
ಅವನದರಲ್ಲಿ ತೌಡೇ ನಡೆದಾಡುತ್ತಿತ್ತು.

ಬಹಳ ಹೊತ್ತು ನಿಂತಳು.
ಕುರಿಗೆ, ಮರಕ್ಕೆ, ನಾಣ್ಯಕ್ಕೆ ಹೊಂದುವ ಆ ಮಾತನ್ನು
ಗಂಡನ ಹೆಸರಿನ ಮುಂದಿಟ್ಟು
ಮೆಲ್ಲಗೆ ಅಂದು ನೋಡಿದಳು: ಬರೆಯ್ನ್ ತರ್ಸ್ಟನ್.
ಕೂರಲಿಲ್ಲ.
ಬೇರೆಯವರ ಕಾಲಿಗೆ ಹೊಲಿದ ಜೋಡು.

ಬಾವಿಯ ಬಳಿ ಅವನ ಮಡಕೆ ಕೈಜಾರಿ ಒಡೆಯಿತು.
'ಗೊಡ್ಡಿನ ಕೈಯಲ್ಲಿ ಮಣ್ಣೂ ನಿಲ್ಲದು'
ಎಂದಳು ಅತ್ತೆ ಗುನ್ನಿಲ್ಡ್, ಚೂರು ಹೆಕ್ಕುತ್ತ,
ಒಳಗೇನಿತ್ತೆಂದು ಕೇಳದೆ.
ಇನ್ನೊಂದನ್ನು ಐಡನಿ ಬೂದಿ ಹಾಕಿ ಮೂರು ಸಲ ತಿಕ್ಕಿ
ಬಿಸಿಲಿಗೆ ಬೋರಲು ಹಾಕಿದಳು.
ಸಂಜೆ ಅದರೊಳಗೆ ಬಿತ್ತನೆಯ ಬಟಾಣಿ ತುಂಬಿ
ಬಾಯಿಗೆ ಬಟ್ಟೆ ಕಟ್ಟಿದಳು.