ಎಡಗಡೆಯ ಮುತ್ತುಗಳು

ಬಳೆ ದೊಡ್ಡಣ್ಣನ ಸೊಸೆಗೆ, ಓಲೆ ಪುಷ್ಕರಿಣಿಗೆ,
ತಕ್ಕಡಿಗೆ ಹಾಕಿ ಹಂಚಿದ್ದಾಯಿತು.
ಮುತ್ತನ್ನು ಯಾರೂ ತೂಗಲಿಲ್ಲ. ‘ನೀನೇ ಇಟ್ಕೊಳ್ಳೇ’ ಅಂದರು,
ಮಿಕ್ಕ ಹುಳಿಯನ್ನ ಕಟ್ಟಿಕೊಟ್ಟ ಹಾಗೆ.

ಬಸ್ಸಿನಲ್ಲಿ ತೊಡೆಯ ಮೇಲೆ ಹಳೇ ಪೌಡರ್ ಡಬ್ಬಿ.
ಒಳಗೆ ಹಳದಿ ತಿರುಗಿದ ಒಂದೆಳೆ,
ಅಲಮೇಲತ್ತೆಯ ಕೊರಳಿನಳತೆಗೆ
ಇನ್ನೂ ಬಾಗಿಕೊಂಡೇ ಇತ್ತು.

ರಾತ್ರಿ ಬಾಗಿಲು ಹಾಕಿ ಹಲ್ಲಿಗೆ ಉಜ್ಜಿ ನೋಡಿದೆ.
ಯಾರೋ ಹೇಳಿದ್ದರು, ನಿಜದ್ದು ಗರಗರ ಅನ್ನುತ್ತೆ, ಸುಳ್ಳು ಜಾರುತ್ತೆ.
ಮೊದಲನೆಯದು ಚಿರೋಟಿ ರವೆ. ಎರಡನೆಯದೂ.
ಮೂರನೆಯದು ಗಾಜಿನ ಲೋಟದ ಅಂಚು.
ಅರವತ್ತೆಂಟು ಮುತ್ತು, ಅರ್ಧ ಗಂಟೆ.
ಕನ್ನಡಿಯಲ್ಲಿ ಐವತ್ತಾರರ ಒಬ್ಬ ಹುಡುಗಿ
ಕದ್ದು ಕಡಲೆ ತಿನ್ನುತ್ತಿದ್ದಳು.

ಅವೆನ್ಯೂ ರಸ್ತೆ. ಪುಸ್ತಕದಂಗಡಿ ದಾಟಿದರೆ
ಎರಡು ಸ್ಕೂಟರ್ ಹಿಡಿಸದ ಸಂದಿ, ಮೆಟ್ಟಿಲ ಕೆಳಗೆ
ದೇವಿದಾಸ ಪಟವೇಗಾರರು. ಕಾಲಿನ ಹೆಬ್ಬೆರಳಿಗೆ
ರೇಷ್ಮೆ ಎಳೆ ಸಿಕ್ಕಿಸಿ ಯಾರದೋ ಕರಿಮಣಿ ಪೋಣಿಸುತ್ತಿದ್ದರು.
‘ಹಲ್ಲಿಗೆ ಒಂದು ಸಲ ಸಾಕಮ್ಮ, ದಿನಾ ಬೇಡಿ.’
ಕಣ್ಣಿಗೆ ಭೂತಗನ್ನಡಿ ಒತ್ತಿಕೊಂಡರು.
‘ಮೂರು ಗಾಜು, ತೂತಿನ ಹತ್ತಿರ ಬಣ್ಣ ಎದ್ದಿದೆ.
ಮಿಕ್ಕಿದ್ದು ಅಸಲು. ನೋಡಿ, ಈರುಳ್ಳಿಯ ಹಾಗೆ ಪದರ.
ಅಂಟುವಾಳದಲ್ಲಿ ತೊಳೀತಿದ್ರಾ?’
ಪ್ರತಿ ದೀಪಾವಳಿಗೂ, ಅಂದೆ.
‘ಸ್ನಾನ ಚಿನ್ನಕ್ಕೆ. ಇದಕ್ಕೆ ಒದ್ದೆ ಬಟ್ಟೆ ಸಾಕು.
ಸೆಂಟು, ಪೌಡರು ಎಲ್ಲ ಆದಮೇಲೆ ಇದು,
ಬಿಚ್ಚುವಾಗ ಎಲ್ಲಕ್ಕಿಂತ ಮೊದಲು.
ಲಾಕರಿನಲ್ಲಿ ಒಣಗಿಸಬೇಡಿ. ಮೈಗೆ ತಾಗ್ತಿರಲಿ.’

ಆಮೇಲೆ, ತಲೆ ಎತ್ತದೆ:
‘ಇವರು ಏನು ಕೆಲಸದಲ್ಲಿದ್ದರು?
ಎಡಗಡೆ ಹದಿನಾಲ್ಕು ಸವೆದಿವೆ.
ಬಲಗಡೆಯವು ದುಂಡಗೇ ಇವೆ.’

ತಟ್ಟನೆ ಹೊಳೆಯಲಿಲ್ಲ. ಚಹಾ ಬಂತು. ಆಗ ಕಂಡಿತು:
ಟೆಲಿಫೋನ್ ಎಕ್ಸ್‌ಚೇಂಜಿನ ಎತ್ತರದ ಕುರ್ಚಿ,
ಅತ್ತೆಯ ಎದೆಯ ಮೇಲೆ ಕಪ್ಪು ಮಾತಿನ ಕೊಳವೆ,
ಎಡಕ್ಕೆ ಇಳಿದ ವೈರು.
ಮೂವತ್ತೊಂದು ವರ್ಷ ಅದೇ ವೈರಿನಲ್ಲಿ
ಹುಬ್ಬಳ್ಳಿಯ ಹೆರಿಗೆ, ಕೋಲಾರದ ಸಾವು, ರಾಮನಗರದ ಗೂಡಿನ ದರ
ಮುತ್ತಿಗೆ ಮೈ ಉಜ್ಜಿಕೊಂಡು ಹಾದುಹೋದವು.
ಅವಳದು ಒಂದೇ ಮಾತು:
‘ಮೂರು ನಿಮಿಷ ಆಯಿತು, ಮುಂದುವರಿಸುತ್ತೀರಾ?’

ಆ ಮೂರು ಗಾಜು ಕೊಕ್ಕೆಯ ಹತ್ತಿರ, ಜಡೆಯ ಮರೆಯಲ್ಲಿ.
ಅಸಲನ್ನು ಯಾರಿಗೆ ಕಳಚಿಕೊಟ್ಟಳೋ, ಯಾವ ವರ್ಷವೋ.
ಊರಿನ ಗುಟ್ಟೆಲ್ಲ ಕೇಳಿಸಿಕೊಂಡವಳು
ತನ್ನದನ್ನು ಯಾವ ಲೈನಿಗೂ ಸೇರಿಸಿರಲಿಲ್ಲ.

‘ಗಾಜು ತೆಗೆದುಬಿಡಲಾ? ಸವೆದವನ್ನು ಅಲ್ಲಲ್ಲಿ ಬೆರೆಸಿದರೆ
ಸಮ ಕಾಣುತ್ತೆ.’
ಬೇಡ, ಇದ್ದಲ್ಲೇ ಇರಲಿ, ಅಂದೆ.
‘ಸರಿ. ಮುತ್ತಿಗೊಂದು ಗಂಟು ಹಾಕ್ತೀನಿ.
ಹರಿದರೂ ಒಂದೇ ಉರುಳೋದು.’

ಶನಿವಾರ ಅಲ್ಲೇ ಹಾಕಿಕೊಂಡೆ. ಮೊದಲು ತಣ್ಣಗೆ,
ಸಂದಿ ದಾಟುವಷ್ಟರಲ್ಲಿ ನನ್ನ ಬಿಸಿ.
ಹಳೆಯ ದಾರವನ್ನು ಕಾಗದದಲ್ಲಿ ಮಡಿಸಿ ಕೊಟ್ಟಿದ್ದರು;
ಕೊಳೆ ಹಿಡಿದು ಕಂದಾಗಿತ್ತು, ಎಸೆಯಲಾಗಲಿಲ್ಲ.

ಚಿಕ್ಕಪೇಟೆ ಮೆಟ್ರೋದ ಮೆಟ್ಟಿಲಲ್ಲಿ ಪುಷ್ಕರಿಣಿಯ ಫೋನು.
‘ಏನಂದ್ರೇ? ನಿಜವಂತಾ?
ಎಷ್ಟು ಬಾಳುತ್ತಂತೆ?’
ಫೋನನ್ನು ಎಡಗಿವಿಗೆ ಬದಲಿಸಿಕೊಂಡೆ.
ಹೇಳುವುದು ಬಹಳವಿತ್ತು.
‘ಮೂರು ನಿಮಿಷ ಆಯ್ತು ಕಣೇ’ ಅಂದು
ಇಟ್ಟುಬಿಟ್ಟೆ.